ಕಡಲಕಳೆ: ದ್ರವವೋ, ಹರಳೋ, ಪುಡಿಯೋ, ಹಸಿಯೋ?

ತಾರಸಿ ತೋಟಕ್ಕೆ ಕಡಲಕಳೆ ಬೇಕು ಎಂದು ಲಾಲ್‌ಬಾಗ್ ಸುತ್ತಮುತ್ತಲಿನ ನರ್ಸರಿಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಮಾಲು ಕಾಣುತ್ತದೆ: ಕಪ್ಪು ದ್ರವದ ಬಾಟಲಿ, ಹರಳಿನ ಪ್ಯಾಕೆಟ್, ನೀರಲ್ಲಿ ಕರಗುವ ಪುಡಿ. ನಾಲ್ಕನೆಯದು ಮಲ್ಪೆ, ಕಾರವಾರದ ಕಡೆ ಹೋದವರು ಚೀಲದಲ್ಲಿ ತುಂಬಿಕೊಂಡು ಬರುವ ಹಸಿ ಕಳೆ. ಕೆಂಪು ಮಣ್ಣು, ಕೊಕೊಪೀಟ್, ಎರೆಗೊಬ್ಬರ ಸಮಪಾಲು ಬೆರೆಸಿದ 12 ಇಂಚಿನ ಕುಂಡಗಳಲ್ಲಿ ಟೊಮೆಟೊ, ಮೆಣಸಿನ ಗಿಡ ಬೆಳೆಸಿ, ಪಕ್ಕದಲ್ಲಿ ಬರೀ ನೀರು ಕುಡಿದ ಕುಂಡವನ್ನೂ ಇಟ್ಟುಕೊಂಡು ನಾಲ್ಕನ್ನೂ ಹೋಲಿಸಿ ನೋಡಿ ಬರೆದದ್ದು ಇದು.

ಕಡಲಕಳೆ ಗಿಡದ ಹೊಟ್ಟೆ ತುಂಬಿಸುವುದಿಲ್ಲ. ಇದನ್ನು ತಿಳಿಯದೆ ಕೊಂಡವರೇ ಆಮೇಲೆ ಬೇಸರಪಟ್ಟುಕೊಳ್ಳುವುದು. ಸಾರಜನಕ, ರಂಜಕ ಅದರಲ್ಲಿ ತೀರಾ ಕಡಿಮೆ. ಪೊಟ್ಯಾಶ್, ಸೂಕ್ಷ್ಮ ಪೋಷಕಾಂಶ ಅಷ್ಟಿಷ್ಟು ಇವೆ. ಕೆಲಸ ಮಾಡುವುದು ಮುಖ್ಯವಾಗಿ ಸೈಟೊಕೈನಿನ್, ಆಕ್ಸಿನ್‌ನಂಥ ಬೆಳವಣಿಗೆ ಚೋದಕಗಳು. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ಬಂದಾಗ ಕಡಲಕಳೆ ಸಾರವನ್ನು ಸೇರಿಸಿದ್ದೂ ಜೈವಿಕ ಉತ್ತೇಜಕಗಳ ಗುಂಪಿಗೆ. ಕೆಳಗಿನ ಎಲೆಗಳು ಹಳದಿಯಾಗುತ್ತಾ ಬಂದ ಗಿಡಕ್ಕೆ ಎಷ್ಟು ಸಿಂಪಡಿಸಿದರೂ ಹಸಿರು ಮರಳದು. ಅದಕ್ಕೆ ಬೇಕಾದದ್ದು ಎರಡು ಹಿಡಿ ಎರೆಗೊಬ್ಬರ, ನೆನೆಸಿದ ಒಂದು ಚಮಚ ಕಡಲೆಕಾಯಿ ಹಿಂಡಿ. ಹೊಟ್ಟೆಗೆ ಹಾಕಿದ ಮೇಲೆ ಕಡಲಕಳೆ ಕೊಟ್ಟರೆ ವ್ಯತ್ಯಾಸ ಕಾಣುತ್ತದೆ: ನಾಟಿ ಮಾಡಿದ ಸಸಿ ಬೇಗ ಚೇತರಿಸಿಕೊಳ್ಳುತ್ತದೆ, ಬಿಳಿ ಬೇರು ಹೆಚ್ಚುತ್ತದೆ, ಬಿಸಿಲಿಗೆ ಹೂ ಉದುರುವುದು ಕಡಿಮೆಯಾಗುತ್ತದೆ.

ತಾರಸಿಗೆ ನಮ್ಮ ಮೊದಲ ಆಯ್ಕೆ ದ್ರವ. ಲೀಟರ್ ನೀರಿಗೆ 2ರಿಂದ 2.5 ಮಿಲಿ ಸಾಕು, ಹದಿನೈದು ದಿನಕ್ಕೊಮ್ಮೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಎಲೆಯ ಅಡಿಭಾಗವೂ ನೆನೆಯುವಂತೆ ಸಿಂಪಡಿಸಬೇಕು. ಸಸಿ ನಾಟಿ ಮಾಡುವಾಗ ಇದೇ ದ್ರಾವಣದಲ್ಲಿ ಬೇರನ್ನು ಹತ್ತು ನಿಮಿಷ ಅದ್ದಿ ನೆಡಿ. ಒಂದೇ ಸಲ ಬಳಸುವುದಾದರೂ ಈ ಸಲ ತಪ್ಪಿಸಬೇಡಿ. ಆಮೇಲೆ ತಪ್ಪಿಸಬಾರದ ಸಲಗಳೆಂದರೆ ಮೊಗ್ಗು ಕಾಣಿಸಿದಾಗ, ಕಾಯಿ ಕಚ್ಚಿದಾಗ. ಜಾಸ್ತಿ ಹಾಕಿದರೆ ಜಾಸ್ತಿ ಫಲ ಎಂದು ಲೀಟರಿಗೆ 10 ಮಿಲಿ ಸುರಿದರೆ ಲವಣ ಹೆಚ್ಚಾಗಿ ಎಲೆಯ ಅಂಚು ಸುಡುತ್ತದೆ. 250 ಮಿಲಿ ಬಾಟಲಿಯಲ್ಲಿ 100 ಲೀಟರ್ ದ್ರಾವಣವಾಗುತ್ತದೆ. ಇಪ್ಪತ್ತು ಕುಂಡಕ್ಕೆ ಒಂದು ಸಲಕ್ಕೆ ಒಂದೂವರೆ ಲೀಟರ್ ಹಿಡಿದರೂ ಎರಡು ವರ್ಷದ ಮೇಲೆ ಬರುತ್ತದೆ. ಅಗ್ಗವೆಂದು ಲೀಟರ್ ಕ್ಯಾನ್ ತಂದರೆ ಅರ್ಧ ಹಾಗೇ ಉಳಿದು ಉಬ್ಬಿ, ಕೊಳೆತ ವಾಸನೆ ಬರುತ್ತದೆ. ಬೆರೆಸಿದ ದ್ರಾವಣವನ್ನು ಅದೇ ದಿನ ಮುಗಿಸಿ.

ದ್ರವದ ನಿಜವಾದ ತೊಂದರೆ ಬೆಂಗಳೂರಿನ ಬೋರ್‌ವೆಲ್ ನೀರು. ಕಂದು ಕಡಲಕಳೆಯ ಸಾರದಲ್ಲಿ ಆಲ್ಜಿನೇಟ್ ಎಂಬ ಅಂಟು ಇರುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ತಾಕಿದರೆ ಅದು ಹೆಪ್ಪುಗಟ್ಟುತ್ತದೆ. ಬಕೆಟ್‌ನಲ್ಲಿ ಲೋಳೆಯಂಥ ಕಂದು ಎಳೆಗಳು ತೇಲುವುದು ಕಣ್ಣಿಗೇ ಕಾಣುತ್ತದೆ, ಸ್ಪ್ರೇಯರ್‌ನ ನಾಜಲ್ ಕಟ್ಟಿಕೊಳ್ಳುತ್ತದೆ. ಕಾವೇರಿ ನೀರೋ ಹಿಡಿದಿಟ್ಟ ಮಳೆನೀರೋ ಬಳಸಿ, ಹಳೇ ಪಂಚೆಯಲ್ಲಿ ಸೋಸಿಕೊಳ್ಳಿ. ಹುಳಿ ಮಜ್ಜಿಗೆ, ಜೀವಾಮೃತ ಜೊತೆ ಒಂದೇ ಟ್ಯಾಂಕಿಗೆ ಹಾಕಬೇಡಿ: ಸಾರವನ್ನು ಬಹುಪಾಲು ಕ್ಷಾರದಲ್ಲಿ ತೆಗೆದಿರುತ್ತಾರೆ, ಹುಳಿ ಬಿದ್ದರೆ ಒಡೆದು ತಳ ಸೇರುತ್ತದೆ. ಎರಡರ ನಡುವೆ ನಾಲ್ಕೈದು ದಿನ ಬಿಡಿ. ತಮಿಳುನಾಡಿನ ಮಂಡಪಂ ಕಡೆ ಬೆಳೆಯುವ ಕಪ್ಪಾಫೈಕಸ್ ಎಂಬ ಕೆಂಪು ಕಳೆಯ ರಸದಲ್ಲಿ ಆಲ್ಜಿನೇಟ್ ಇಲ್ಲದ್ದರಿಂದ ಈ ಕಾಟ ಕಡಿಮೆ. ಲೇಬಲ್‌ನಲ್ಲಿ ಯಾವ ಕಳೆ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ.

ಪುಡಿಯ ಗುಣ ದ್ರವದಂತೆಯೇ. ಲೀಟರಿಗೆ ಅರ್ಧದಿಂದ 1 ಗ್ರಾಂ, ಅಂದರೆ ಕಾಲು ಟೀ ಚಮಚದೊಳಗೆ. ಜಾಗ ಹಿಡಿಯುವುದಿಲ್ಲ, ಚೆಲ್ಲುವುದಿಲ್ಲ. ಆದರೆ ಜೂನ್ ಬಂತೆಂದರೆ ತೇವ ಹೀರಿ ಡಾಂಬರಿನ ಉಂಡೆಯಾಗುತ್ತದೆ. ಬಿಗಿ ಮುಚ್ಚಳದ ಗಾಜಿನ ಡಬ್ಬಿ, ಒಣ ಚಮಚ ಕಡ್ಡಾಯ. ಕೆಲವು ಪುಡಿಗಳಲ್ಲಿ ಹ್ಯೂಮೇಟ್ (ಹ್ಯೂಮಿಕ್ ಆಮ್ಲದ ಲವಣ) ಬೆರೆಸಿರುತ್ತಾರೆ, ಅದೂ ಕಪ್ಪಗೇ ಕರಗುತ್ತದೆ. ಒಣಮೀನಿನ ವಾಸನೆ ಚೂರೂ ಇಲ್ಲದಿದ್ದರೆ ಲೇಬಲ್ ಮತ್ತೊಮ್ಮೆ ಓದಿ.

ಹರಳು ಬೇರೆ ಜಾತಿ. ಹೆಚ್ಚಿನವು ಜೇಡಿಯಂಥ ಕಾಳಿಗೆ ಸಾರ ಲೇಪಿಸಿದವು; ರಸಗೊಬ್ಬರ ಸಹಕಾರಿ ಸಂಸ್ಥೆ ಇಫ್ಕೋದ ಸಾಗರಿಕಾ ದ್ರವ, ಹರಳು ಎರಡೂ ರೂಪದಲ್ಲಿ ಬರುತ್ತದೆ. 12 ಇಂಚಿನ ಕುಂಡಕ್ಕೆ ಒಂದು ಟೀ ಚಮಚ, ಕಾಂಡದಿಂದ ಮೂರು ಇಂಚು ದೂರ, ಎರಡು ಇಂಚು ಆಳ. ಮೇಲೆ ಚೆಲ್ಲಿ ಬಿಟ್ಟರೆ ಒಣಗಿ ಹೆಕ್ಕಳವಾಗುತ್ತದೆ, ಬೇರಿಗೆ ತಲುಪುವುದಿಲ್ಲ. ನಿಂಬೆ, ಕರಿಬೇವು, ಗುಲಾಬಿಯಂಥ ವರ್ಷಗಟ್ಟಲೆ ಇರುವ ಗಿಡಕ್ಕೆ ಇದು ಒಳ್ಳೆಯದು. ಇಪ್ಪತ್ತೈದು ದಿನದಲ್ಲಿ ಕೀಳುವ ಮೆಂತ್ಯ, ದಂಟಿಗೆ ಹಾಕಿದರೆ ದುಡ್ಡು ದಂಡ.

ಹಸಿ ಕಳೆಯ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾದದ್ದೇ. ಅದರಲ್ಲಿರುವ ಉಪ್ಪನ್ನು ಹೊಲವಾದರೆ ಮಳೆ ತೊಳೆದುಕೊಂಡು ಹೋಗುತ್ತದೆ. ಕುಂಡದಲ್ಲಿ ಅದು ಹೋಗುವುದೆಲ್ಲಿಗೆ? ತರುವುದೇ ಆದರೆ ದಡಕ್ಕೆ ಬಿದ್ದದ್ದನ್ನು ಮಾತ್ರ ತನ್ನಿ, ಬಂಡೆಯ ಮೇಲೆ ಬೆಳೆದದ್ದನ್ನು ಕೀಳಬೇಡಿ, ಮೀನು ಮರಿಗಳು ಆಶ್ರಯ ಪಡೆಯುವುದು ಅಲ್ಲೇ. ಬಕೆಟ್ ತುಂಬ ಸಿಹಿನೀರಲ್ಲಿ ನೆನೆಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಸಾಕಾಯಿತೇ ಎಂದು ಅಂದಾಜು ಮಾಡುವ ಬದಲು ಆರ್‌ಒ ಫಿಲ್ಟರ್‌ಗೆ ತಂದಿಟ್ಟ ಟಿಡಿಎಸ್ ಮೀಟರ್ (ನೀರಲ್ಲಿ ಕರಗಿದ ಲವಣ ಅಳೆಯುವ ಕಡ್ಡಿ) ಅದ್ದಿ ನೋಡಿ. ತೊಳೆದ ನೀರಿನ ಅಂಕಿ ನಲ್ಲಿ ನೀರಿನ ಹತ್ತಿರಕ್ಕೆ ಬರುವವರೆಗೂ ಬಿಡಬೇಡಿ. ಆಮೇಲೆ ಕತ್ತರಿಸಿ, ಒಂದು ಪಾಲು ಕಳೆಗೆ ಮೂರು ಪಾಲು ತರಗೆಲೆ ಸೇರಿಸಿ ಕಾಂಪೋಸ್ಟ್ ಬಿನ್‌ಗೆ ಹಾಕಿ. ಡ್ರಮ್ಮಿನ ನೀರಲ್ಲಿ ಕೊಳೆಸಿ ‘ಟೀ’ ಎಂಬ ದ್ರವಗೊಬ್ಬರ ಮಾಡುವ ವಿಧಾನ ಅಪಾರ್ಟ್‌ಮೆಂಟ್ ಬಾಲ್ಕನಿಗೆ ಆಗದು. ಕೊಳೆತ ಮೊಟ್ಟೆಯ ವಾಸನೆ ಎರಡು ಮಹಡಿ ದಾಟುತ್ತದೆ. ಸರ್ಗಾಸಮ್ ಎಂಬ ಕಂದು ಕಳೆ ಆರ್ಸೆನಿಕ್ ಹೀರಿಟ್ಟುಕೊಳ್ಳುವ ಜಾತಿ. ಸಣ್ಣ ಗಾಳಿಚೀಲಗಳ ಗೊಂಚಲಿರುವ ಈ ಕಳೆಯಿಂದ ಮಾಡಿದ ಕಾಂಪೋಸ್ಟನ್ನು ಸೊಪ್ಪಿನ ಕುಂಡಗಳಿಗೆ ಹಾಕದೆ ದಾಸವಾಳ, ಮಲ್ಲಿಗೆಯ ಬುಡಕ್ಕೆ ಹಾಕಿ.