ಗಂಜ್ ಕಡಿ ಇರೋ ಈ ಬೀಜ-ಎಣ್ಣಿ ಅಂಗಡಿ: ಮಾರೋ ಹುಡುಗ್ರೇ "ಬ್ಯಾಡ ಕಾಕಾ" ಅಂತಾರ

ಕಲಬುರಗಿ ಗಂಜ್ ಕಡಿ ಬೀಜ, ಗೊಬ್ಬರ, ಎಣ್ಣಿ (ಬೆಳಿಗಿ ಹೊಡಿಯೋ ಔಷಧ) ತರ್ಲಾಕ ಹೋಗೋರಿಗಿ ಅಂಗಡಿ ಏನ್ ಕಮ್ಮಿ ಇಲ್ರಿ, ಸಾಲಿಗಿ ಸಾಲು ಅದಾವ, ಎಲ್ಲಾ ಕಡಿ ಅದೇ ಕಂಪನಿ, ಅದೇ ಡಬ್ಬಿ, ರೇಟಿನ್ಯಾಗೂ ಅಂಥಾ ಫರಕ್ ಏನಿಲ್ಲ. ಮಾಲು ನೋಡಿ ಅಂಗಡಿ ಆರಿಸೋದು ಕಷ್ಟನೇ. ಕೌಂಟರ್‌ನ್ಯಾಗ ನಿಂತ ಹುಡುಗ್ರು ಹೆಂಗ ಮಾತಾಡ್ತಾರ, ಅವ್ರನ್ನ ಮಾಲಕ್ರು ಹೆಂಗ ನಡೆಸ್ತಾರ ಅನ್ನೋದು ನೋಡಿ ನಾ ಈ ಅಂಗಡಿಗಿ ಐದಕ್ಕ ನಾಕ್ ಸ್ಟಾರ್ ಕೊಡ್ಲಾಕತ್ತೀನಿ, ಒಂದು ಯಾಕ ಕಟ್ ಮಾಡೀನಿ ಅಂತ ಮುಂದ ಹೇಳ್ತೀನಿ. ನಾನೂ ಸೇಲ್ಸ್ ಲೈನಿನ್ಯಾಗೇ ಇರಾಂವ, ಲೋನ್ ಮಾರೋ ಒಂದು ಟೀಮ್ ನೋಡ್ಕೋತೀನಿ, ತಿಂಗಳ ಕೊನಿಗಿ ಟಾರ್ಗೆಟ್ ಅಂದ್ರ ಏನು ಅಂತ ಛಲೋ ಗೊತ್ತದ, ಅದಕ್ಕ ಈ ಅಂಗಡಿ ವಿಷಯ ಸ್ವಲ್ಪ ಉದ್ದಾಗೇ ಬರೀತೀನಿ.

ನಮ್ದು ಜೇವರ್ಗಿ ಕಡಿ ಹೊಲ, ತೊಗರಿ ಹಾಕ್ತೀವಿ. ಹೂವಿನ ಟೈಮಿನ್ಯಾಗ ಹೊಲದ ಒಂದು ಮೂಲ್ಯಾಗ ಗಿಡ ನಿಂತಲ್ಲೇ ಒಣಗಲಾಕ ಶುರು ಆದ್ವು. 2022ರಾಗ ನೆಟೆ ರೋಗ ಬಂದು ನಮ್ಮ ಜಿಲ್ಲಾದಾಗ ಹೊಲಕ್ಕ ಹೊಲಾನೇ ಒಣಗಿದ್ದು ನೋಡಿದವ್ರಿಗಿ ಆ ಹೆದರಿಕಿ ಇನ್ನೂ ಹೋಗಿಲ್ಲ, ನಮ್ಮ ಅಪ್ಪ ರಾತ್ರಿ ನಿದ್ದಿನೂ ಮಾಡ್ಲಿಲ್ಲ. ಬೆಳಿಗ್ಗೆ ನಾಕ್ ಗಿಡ ಬೇರು ಸಮೇತ ಕಿತ್ತು ಚೀಲದಾಗ ಹಾಕ್ಕೊಂಡು ಇಬ್ಬರೂ ಸಿಟಿಗಿ ಬಂದ್ವಿ. ಮೊದಲು ಹೋದದ್ದು ಬ್ಯಾರೆ ಅಂಗಡಿಗಿ, ಅಲ್ಲಿ ಚೀಲ ಬಿಚ್ಚಲೇ ಇಲ್ಲ, ಒಣಗ್ಲಾಕತ್ತದ ಅಂತ ಬಾಯಿ ಬಿಡೋದ್ರಾಗ ಕೌಂಟರ್ ಮ್ಯಾಲ ಮೂರು ಡಬ್ಬಿ ಬಂದು ಕುಂತ್ವು, ಜೋಡಿಗಿ ಒಂದು ಟಾನಿಕ್ಕು. ಅಪ್ಪ ರೊಕ್ಕ ತೆಗೀಲಾಕ ಹೋಗಿದ್ರು, ನಾನೇ ಒಂದೆರಡು ಕಡಿ ಕೇಳೋಣ ತಡೀರಿ ಅಂದು ಕರ್ಕೊಂಡು ಬಂದೆ.

ಈ ಅಂಗಡ್ಯಾಗ ಕೌಂಟರ್ ಹುಡುಗ ಮೊದಲು ಚೀಲಾನೇ ಕೇಳ್ದ. ಗಿಡ ಹೊರಗ ತೆಗೆದು ಬೇರಿನ ಮಣ್ಣು ಹೆಬ್ಬಟ್ಟಿಲೆ ಉಜ್ಜಿ ನೋಡ್ದ, ಆಮ್ಯಾಲ ಡ್ರಾವರ್‌ನ್ಯಾಗಿಂದ ಬ್ಲೇಡ್ ತೆಗೆದು ಬುಡದಿಂದ ಕಾಂಡ ಉದ್ದಕ್ಕ ಸೀಳಿದ. ಹೊರಗ ಹಸರ ಇದ್ದ ಕಾಂಡದ ಒಳಗ ಕರಿ ಗೆರಿ ಕೆಳಗಿಂದ ಮ್ಯಾಲ ತನಕ ಏರಿತ್ತು, ಬೆಳಕಿಗಿ ಹಿಡಿದು ಅಪ್ಪಗ ತೋರಿಸ್ದ. "ಕಾಕಾ, ಇದು ನೆಟೆ ರೋಗ ರೀ, ಮಣ್ಣಿನಾಗಿಂದ ಬೇರಿಗಿ ಹತ್ತಿ ಬರ್ತದ, ಒಣಗಿದ ಗಿಡಕ್ಕ ನಾ ಯಾವ ಎಣ್ಣಿ ಕೊಟ್ರೂ ಜೀವ ಬರಂಗಿಲ್ಲ, ನಿಮ್ಮ ರೊಕ್ಕ ಹೋಗ್ತದ ಅಷ್ಟೇ" ಅಂದ. ಅಪ್ಪಗ ನಂಬಿಕಿನೇ ಬರ್ಲಿಲ್ಲ, "ಹಂಗಾರ ಏನೂ ಕೊಡಂಗಿಲ್ಲೇನು ತಮ್ಮಾ?" ಅಂತ ಎರಡು ಸಲ ಕೇಳಿದ್ರು. ಅಂವ ನಕ್ಕು ಒಂದು ಚೀಟಿ ಬರದು ಕೊಟ್ಟ: ಮುಂದಿನ ವರ್ಷ ಆ ಮೂಲ್ಯಾಗ ತೊಗರಿ ಬ್ಯಾಡ, ಜೋಳ ಹಾಕ್ರಿ, ಉಳಿದ ಹೊಲಕ್ಕ ನೆಟೆ ತಡಕೊಳ್ಳೋ ತಳಿ ತಗೊಳ್ರಿ, ಬಿತ್ತೋಕಿಂತ ಮೊದಲು ಕೆಜಿ ಬೀಜಕ್ಕ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡಿಯೋ ಜೈವಿಕ ಪುಡಿ) ಹಚ್ರಿ. ಕಾಯಿಕೊರಕಕ್ಕ ಏನಾರ ಹೊಡೀಬೇಕೇನು ಅಂತ ಕೇಳಿದ್ದಕ್ಕೂ ಈಗ ಬ್ಯಾಡ ಅಂದ, ಗಿಡಕ್ಕ 2 ತತ್ತಿ ಇಲ್ಲಾ 1 ಹುಳ ಕಂಡ್ರ ಬರ್ರಿ, ಅದಕ್ಕಿಂತ ಕಮ್ಮಿ ಇದ್ರ ಹಿಂದಿನ ಮಂದಿ ಮಾಡಿದಂಗ ಕೆಳಗ ಬಟ್ಟಿ ಹಾಸಿ ಗಿಡ ಅಲುಗಾಡ್ಸಿ ಹುಳ ಉದುರಿಸ್ರಿ ಅಂದ. ನಾವು ಒಂದು ರೂಪಾಯಿ ಮಾಲು ತಗೋಲಾರದೇ ಹೊರಗ ಬಂದ್ವಿ, ಮಾಲಕ್ರು ಅಲ್ಲೇ ಖುರ್ಚಿ ಮ್ಯಾಲ ಕುಂತು ಎಲ್ಲಾ ಕೇಳ್ಲಾಕತ್ತಿದ್ರು, ಮಾರಿ ಮ್ಯಾಲ ಒಂದು ಗೆರಿ ಬದಲಾಗ್ಲಿಲ್ಲ.

ಅದೇ ನನ್ನ ತಲ್ಯಾಗ ಕುಂತು ಬಿಡ್ತು. ನಮ್ಮ ಲೈನಿನ್ಯಾಗ ಗಿರಾಕಿ ಖಾಲಿ ಕೈಲೆ ಹೋದ್ರ ಮ್ಯಾನೇಜರ್ ಮುಂದ ನಿಲ್ಲಬೇಕಾಗ್ತದ. ಆಮ್ಯಾಲ ಬೀಜ ತರ್ಲಾಕ ಹೋದಾಗ ಮಾಲಕರ ಜೋಡಿ ಕುಂತು ಚಾ ಕುಡಕೋತ ಕೇಳ್ದೆ, ಹೆಂಗ ನಡೀತದ ಇದು ಅಂತ. ಈ ಧಂದೆದಾಗ ಕಂಪನಿ ಸ್ಕೀಮ್ ಅಂದ್ರ ಇಷ್ಟು ಬಾಕ್ಸ್ ಎತ್ತಿದ್ರ ಬಂಗಾರದ ಕಾಯಿನ್, ಇಷ್ಟು ಎತ್ತಿದ್ರ ಫಾರಿನ್ ಟೂರ್, ಭಾಳ ಕಡಿ ಮಾಲಕ್ರು ಆ ಟಾರ್ಗೆಟ್ ಹಂಗೇ ಹುಡುಗ್ರ ತಲಿ ಮ್ಯಾಲ ಹಾಕ್ತಾರ, ಡಬ್ಬಿಗಿ ಇಷ್ಟು ಅಂತ ಇನ್ಸೆಂಟಿವ್ ಇಡ್ತಾರ, ಹುಡುಗ್ರು ರೈತರ ತಲಿ ಮ್ಯಾಲ ಹಾಕ್ತಾರ. ಇಲ್ಲಿ ಡಬ್ಬಿ ಲೆಕ್ಕದ ಇನ್ಸೆಂಟಿವ್ವೇ ಇಲ್ಲ. ಪಗಾರ ಫಿಕ್ಸ್, ಸ್ಕೀಮಿನ್ಯಾಗ ಏನಾರ ಬಂದ್ರ ಎಲ್ಲಾ ಕೂಡಿಸಿ ದೀಪಾವಳಿಗಿ ಗೋಡೌನ್ ಹಮಾಲರಿಂದ ಹಿಡಿದು ಎಲ್ಲರಿಗೂ ಹಂಚ್ತಾರಂತ.

ಸಂಜಿಗಿ ಶಟರ್ ಎಳಿಯೋಕಿಂತ ಮೊದಲು ಹುಡುಗ್ರನ್ನ ಕೂಡಿಸ್ಕೊಂಡು ಗಲ್ಲಾ ಲೆಕ್ಕದ ಜೋಡಿ ಇನ್ನೊಂದು ಮಾತು ಕೇಳ್ತಾರ, ಇವತ್ತ ಯಾರಿಗಿ ಏನ್ ಬ್ಯಾಡ ಅಂದ್ರಿ, ಯಾಕ? ನಾ ಒಂದು ದಿನ ಅಲ್ಲೇ ಇದ್ದೆ, ಒಬ್ಬ ಸಣ್ಣ ಹುಡುಗ ಹೇಳ್ದ, ಚಿತ್ತಾಪುರ ಕಡಿಯವ್ರು ಒಬ್ರು ಎರಡು ಎಣ್ಣಿ ಕೂಡ್ಸಿ ಹೊಡೀತೀನಿ ಅಂದ್ರು, ನಾ ಬ್ಯಾಡ ಅಂದೆ ಅಂತ. ಯಾಕ ಅಂತ ಕೇಳಿದ್ರ ಅಂವಗ ಪೂರಾ ಹೇಳ್ಲಾಕ ಬರ್ಲಿಲ್ಲ, ಸೀನಿಯರ್ ಹುಡುಗ ಎದ್ದು ಎರಡೂ ಡಬ್ಬಿ ಲೇಬಲ್ ತೆಗೆದು ಒಳಗ ಇರೋದು ಎರಡೂ ಒಂದೇ ಔಷಧ, ಕಂಪನಿ ಹೆಸರಷ್ಟೇ ಬ್ಯಾರೆ ಅಂತ ತೋರಿಸ್ದ. ಬೈಗುಳಿಲ್ಲ, ಕೂಗಾಟಿಲ್ಲ, ಹುಡುಗ ಕಲ್ತು ಮನಿಗಿ ಹೋದ. ಆ ಸೀನಿಯರ್ ಹುಡುಗಗ ಕೃಷಿ ಡಿಪ್ಲೊಮಾ ಆಗ್ಯದ, ಮಾಲಕ್ರು ತಾವೇ ಹೈದರಾಬಾದಿನ ಮ್ಯಾನೇಜ್ (MANAGE) ಅನ್ನೋ ಕೃಷಿ ತರಬೇತಿ ಸಂಸ್ಥಾದವ್ರದ್ದು ಡೀಲರ್‌ಗಳ ಸಲುವಾಗಿ ಇರೋ ಒಂದು ವರ್ಷದ 'ದೇಸಿ' (DAESI) ಅನ್ನೋ ಡಿಪ್ಲೊಮಾ ಕೋರ್ಸ್ ಮಾಡ್ಯಾರ, ಕ್ಲಾಸಿನ್ಯಾಗ ಕಲ್ತದ್ದು ಹುಡುಗ್ರಿಗಿ ಹೇಳಿ ಕೊಡ್ತಾರ. ನನಗ ಇದು ಭಾಳ ದೊಡ್ಡ ಮಾತು ಅನಿಸ್ತು, ಯಾಕಂದ್ರ ಗೊತ್ತಿಲ್ಲದ ಹುಡುಗಗ ಖರೇ ಹೇಳು ಅಂದ್ರ ಅಂವ ಏನ್ ಹೇಳ್ಯಾನು? ಮೊದಲು ಕಲಿಸಬೇಕು, ಆಮ್ಯಾಲ ಖರೇ ಹೇಳಿದ್ದಕ್ಕ ಪಗಾರ ಕಟ್ ಆಗಂಗಿಲ್ಲ ಅಂತ ಅಂವಗ ಧೈರ್ಯ ಕೊಡಬೇಕು. ಎರಡನೇದು ಮಾಡೋ ಮಾಲಕ್ರು ನಾ ನೋಡಿದ್ದು ಕಮ್ಮಿ.

ಕಾಂಡ ಸೀಳಿದ ಹುಡುಗನ ಜೋಡಿನೂ ಮಾತಾಡ್ದೆ. ಮೊದಲು ಅಂವ ಬ್ಯಾರೆ ಕಡಿ ಇದ್ನಂತ, ಅಲ್ಲಿ ಕೈಗಿ ಇಲ್ಲಿಗಿಂತ ಜಾಸ್ತಿನೇ ಬರ್ತಿತ್ತಂತ. "ಆದ್ರ ಅಣ್ಣಾ, ಹಬ್ಬಕ್ಕ ಊರಿಗಿ ಹೋದ್ರ ಕಟ್ಟಿ ಮ್ಯಾಲ ಕುಂದ್ರಲಾಕ ಆಗ್ತಿರ್ಲಿಲ್ಲ, ಯಾರರ ನಿಮ್ಮ ಎಣ್ಣಿ ಹೊಡದೆ ಏನೂ ಆಗ್ಲಿಲ್ಲ ಅಂದ್ರ ಏನ್ ಹೇಳ್ಲಿ? ಈಗ ಅವ್ರೇ ಹೊಲ ನೋಡ ಬಾ ಅಂತ ಕರೀತಾರ" ಅಂದ. ಇಷ್ಟು ಹೇಳುವಾಗ ಅವ್ನ ಮಾರಿ ನೋಡಬೇಕಿತ್ತು ನೀವು. ನಾ ನಮ್ಮ ಟೀಮಿನ ಸೋಮವಾರದ ಮೀಟಿಂಗಿನ್ಯಾಗ ಈಗ ಅದೇ ಪ್ರಶ್ನೆ ಕೇಳ್ಲಾಕ ಶುರು ಮಾಡೀನಿ, ಕಂತು ಕಟ್ಟಲಾಕ ಆಗಂಗಿಲ್ಲ ಅಂತ ಗೊತ್ತಾಗಿ ಯಾರಿಗಿ ಲೋನ್ ಬ್ಯಾಡ ಅಂದ್ರಿ ಅಂತ. ಮೊದಲು ಹುಡುಗ್ರು ಒಬ್ರ ಮಾರಿ ಒಬ್ರು ನೋಡಿದ್ರು, ಈಗ ಬಾಯಿ ಬಿಟ್ಟು ಹೇಳ್ತಾರ.

ಉಳಿದದ್ದು ಬೇಗ ಹೇಳ್ತೀನಿ. ಯೂರಿಯಾ 45 ಕೆಜಿ ಚೀಲಕ್ಕ ಎಂಆರ್‌ಪಿ 266 ರೂಪಾಯಿ 50 ಪೈಸೆ, ಇಲ್ಲಿ ಅಷ್ಟೇ ತಗೋತಾರ, ಇದರ ಜೋಡಿ ಆ ಬಾಟ್ಲಿ ತಗೊಂಡ್ರೇ ಯೂರಿಯಾ ಅನ್ನೋ ಲಿಂಕ್ ಇಲ್ಲ. ಕೇಳಲಾರದೇ ಬಿಲ್ ಕೊಡ್ತಾರ, ಅದರಾಗ ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲಾ ಇರ್ತದ. ಡಬ್ಬಿ ಮ್ಯಾಲಿನ ಕೆಂಪು, ಹಳದಿ, ನೀಲಿ, ಹಸರ ಗುರ್ತು ತೋರ್ಸಿ ಯಾವುದು ಎಷ್ಟು ವಿಷ, ಕೈಗವಸ ಯಾಕ ಬೇಕು ಅಂತ ಓದ್ಲಾಕ ಬರಲಾರದವ್ರಿಗೂ ತಿಳಿಸಿ ಹೇಳ್ತಾರ.

ಈಗ ಕಟ್ ಮಾಡಿದ ಸ್ಟಾರ್. ಇಲ್ಲಿ ಉದ್ರಿ ಇಲ್ಲ, ಯಾರಿಗೂ ಇಲ್ಲ. ಉದ್ರಿ ಕೊಟ್ರ ರಾಶಿ ಆದ ಮ್ಯಾಲ ವಸೂಲಿಗಿ ಹುಡುಗ್ರನ್ನ ಕಳಿಸಬೇಕು, ಆಗ ಅವ್ರ ಮಾತಿಗಿ ಬೆಲಿ ಉಳಿಯಂಗಿಲ್ಲ ಅಂತಾರ ಮಾಲಕ್ರು. ಆ ಮಾತಿನ್ಯಾಗ ಅರ್ಥ ಅದ, ಆದ್ರ ಎರಡು ಎಕರೆ ಇರೋ ರೈತಗ ಬಿತ್ತಿಗಿ ಟೈಮಿಗಿ ಕೈಯಾಗ ರೊಕ್ಕ ಎಲ್ಲಿ ಇರ್ತದ? ಅಂವ ಇಲ್ಲಿ ಸಲಹೆ ಕೇಳಿ ಮಾಲು ಉದ್ರಿ ಕೊಡೋ ಕಡಿ ಹೋಗಿ ಅವ್ರು ಕೊಟ್ಟದ್ದೇ ತರ್ತಾನ. ಹತ್ತು ವರ್ಷದಿಂದ ಬರೋ ಗಿರಾಕಿಗರ ಬೀಜದಷ್ಟು ಉದ್ರಿ ಕೊಡ್ಬೇಕು ಅಂತ ನಾ ಅವ್ರ ಮುಂದೇ ಹೇಳೀನಿ, ಇಲ್ಲೂ ಬರೀಲಾಕತ್ತೀನಿ.

ಹೋಗೋರು ಬರೇ ಫೋಟೋ ತಗೊಂಡು ಹೋಗಬ್ಯಾಡ್ರಿ, ಗಿಡ ಬೇರು ಸಮೇತ ಒಯ್ಯಿರಿ, ಹೋದ ವರ್ಷ ಆ ಹೊಲದಾಗ ಏನ್ ಇತ್ತು ಅಂತ ನೆನಪಿಟ್ಕೊಂಡು ಹೋಗ್ರಿ, ಅದೇ ಮೊದಲು ಕೇಳ್ತಾರ. ಜೂನ್‌ನ್ಯಾಗ ಮಳಿ ಬಿದ್ದ ಮರುದಿನ ಕಾಲಿಡ್ಲಾಕ ಜಾಗ ಇರಂಗಿಲ್ಲ, ಮಾತಾಡೋದು ಇದ್ರ ಮಧ್ಯಾಹ್ನ ಮೂರರ ಮ್ಯಾಲ ಹೋಗ್ರಿ. ಗೊಬ್ಬರ ಬೇಕಿದ್ರ ಆಧಾರ್ ಇರೋರೇ ಬರಬೇಕು, ಮಷಿನಿನ್ಯಾಗ ಹೆಬ್ಬಟ್ಟು ಹಚ್ಚದಿದ್ರ ಚೀಲ ಕೊಡಂಗಿಲ್ಲ.