ಬರಿ ಕಡ್ಡಿಗೆ ಇಷ್ಟು ಯೋಚನೆಯಾ?

ಗಾಳ ಹಾಕಿ ಮೀನು ಹಿಡಿಯೋದು, ಡಲ್ಲಾಸ್‌ಗೆ ಬಂದ ಮೇಲೆ ಹತ್ತಿದ ಹುಚ್ಚು ಇದು. ರಜೆ ಸಿಕ್ಕರೆ ಲೇಕ್ ಫೋರ್ಕ್, ಬಾಸ್ ಮೀನು. 1992ರಲ್ಲಿ 18.18 ಪೌಂಡಿನ ಬಾಸ್ ಸಿಕ್ಕಿದ ಕೆರೆ ಅದು. ನನಗೆ ಸಿಕ್ಕಿದ್ದರಲ್ಲಿ ದೊಡ್ಡದು ನಾಲ್ಕು ಪೌಂಡ್, ನಗಬೇಡಿ.

ಮೀನು ಹಿಡಿಯುವ ರಾಡ್ ನಾನೇ ಕಟ್ಟೋಣ ಅಂತ ಹೊರಟೆ. ಅದಕ್ಕೆ ಬೇಕಾದ್ದು ಬ್ಲ್ಯಾಂಕ್, ಅಂದರೆ ಗೈಡ್ (ದಾರ ಹಾಯುವ ಬಳೆ), ಹಿಡಿ ಏನೂ ಇಲ್ಲದ ಬರಿ ಗ್ರಾಫೈಟ್ ಕಡ್ಡಿ. ಮೊದಲು ತರಿಸಿದ್ದು ಅಗ್ಗದ್ದು. ಮೇಜಿನ ಮೇಲೆ ಉರುಳಿಸಿದರೆ ತುದಿ ಕುಣಿಯುತ್ತಿತ್ತು. ಸೊಟ್ಟ! ವಾಪಸ್ ಕಳಿಸಿದೆ.

ಎರಡನೆಯದು ಎಂಎಚ್‌ಎಕ್ಸ್ ಬ್ರ್ಯಾಂಡಿನ ಎಂಬಿ843. ನಂಬರ್ ಸುಮ್ನೆ ಇಟ್ಟಿದ್ದಲ್ಲ. 84 ಅಂದರೆ ಇಂಚು, ಅಲ್ಲಿಗೆ 7 ಅಡಿ ಆಯ್ತು. ಕೊನೆಯ 3 ಅದರ ಪವರ್, ಅಂದರೆ ಕಡ್ಡಿ ಎಷ್ಟು ಗಟ್ಟಿ ಅನ್ನೋದು. ಉರುಳಿಸಿ ನೋಡಿದೆ, ನೆಟ್ಟಗಿತ್ತು. ತುದಿ ಬೇಗ ಬಾಗುತ್ತದೆ, ಕೆಳಗಿನ ಭಾಗ ಗಟ್ಟಿ. ಪಾಚಿಯೊಳಗೆ ಪ್ಲಾಸ್ಟಿಕ್ ಹುಳು ಎಳೆಯುವಾಗ ಮೀನು ಮೂತಿ ತಾಗಿಸಿದರೂ ಕೈಗೆ ಗೊತ್ತಾಗುತ್ತದೆ.

ಆದರೆ ಕ್ರ್ಯಾಂಕ್‌ಬೇಟ್‌ಗೆ (ಪುಟ್ಟ ಮೀನಿನ ಆಕಾರದ ಗಟ್ಟಿ ಆಮಿಷ) ಇದು ಜಾಸ್ತಿ ಬಿರುಸು. ಎರಡು ಸಲ ಮೀನಿನ ಬಾಯಿಂದ ಗಾಳ ಕಿತ್ತು ಬಂತು. ಅದಕ್ಕೆ ಮಾಡರೇಟ್ ಆಕ್ಷನ್‌ನ, ಅಂದರೆ ನಡುವಿನ ತನಕ ಬಾಗುವ, ಮೆತ್ತಗಿನ ಬ್ಲ್ಯಾಂಕೇ ಬೇಕು. ಹೆಂಡತಿಗೆ ಇನ್ನೂ ಹೇಳಿಲ್ಲ.