ರಿಂಗ್ ಪಾನಾನೋ, ಫಿಕ್ಸ್ ಪಾನಾನೋ, ಬಾಕ್ಸ್ ಸೆಟ್ಟೋ?

ಭದ್ರಾ ನಾಲೆ ಕಡೆಯ ಗದ್ದೆ ನಮ್ಮದು. ನಾಟಿಗೆ ಮುಂಚೆ ಟ್ರಾಕ್ಟರ್ ಹಿಂದೆ ಕಟ್ಟಿ ಮಣ್ಣು ಕಲಸುವ ರೋಟಾವೇಟರ್ ದಿನಗಟ್ಟಲೆ ಕೆಸರಲ್ಲೇ ಇರುತ್ತದೆ. ಅದಕ್ಕೆ 42 ಬ್ಲೇಡ್, ಒಂದೊಂದಕ್ಕೂ ಎರಡು ಬೋಲ್ಟ್. ಒಟ್ಟು 84. ಯಾವ ಪಾನಾ (ಸ್ಪ್ಯಾನರ್) ಒಳ್ಳೇದು ಅಂತ ತಿಳಿಯೋಕೆ ಇಷ್ಟು ಸಾಕು.

ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು ಬಾಯಿ ಹಿಗ್ಗಿಸಿ ಕುಗ್ಗಿಸುವ ಒಂದು ಸ್ಕ್ರೂ ಪಾನಾ, ಒಂದು ಸುತ್ತಿಗೆ. ಎಲ್ಲ ಸೈಜಿಗೂ ಒಂದೇ ಆಯ್ತಲ್ಲ ಅಂದುಕೊಂಡಿದ್ದೆ. ಆದರೆ ಬಿಗಿ ನಟ್‌ಗೆ ಬಲ ಹಾಕಿದರೆ ಅದರ ಬಾಯಿ ಚೂರೇ ಚೂರು ಸಡಿಲಾಗುತ್ತದೆ. ನಟ್‌ನ ಮೂಲೆ ಸವೆಯೋಕೆ ಅಷ್ಟು ಸಾಕು. ಹತ್ತಾರು ನಟ್ ಉರುಟಾದ ಮೇಲೆ ಮೆಕ್ಯಾನಿಕ್ ಬಂದು ಉಳಿ ಇಟ್ಟು ಹೊಡೆದು ಬಿಚ್ಚಿದರು. "ಇದು ತುಕ್ಕಿಗೆ ಕೆಟ್ಟಿದ್ದಲ್ಲ ಅಣ್ಣಾ, ನೀವೇ ಕೆಡಿಸಿದ್ದು" ಅಂದರು. ಆ ಪಾನಾ ಈಗ ಮನೆಯ ನಲ್ಲಿ ರಿಪೇರಿಗೆ.

ಆಮೇಲೆ ಫಿಕ್ಸ್ ಸೆಟ್, ರಿಂಗ್ ಸೆಟ್ ಎರಡೂ ತಂದೆ. ಫಿಕ್ಸ್ ಪಾನಾದ ಬಾಯಿ ತೆರೆದಿರುತ್ತದೆ, ನಟ್‌ನ ಎರಡು ಮಗ್ಗುಲು ಮಾತ್ರ ಹಿಡಿಯುತ್ತದೆ. ರಿಂಗ್ ಬಳೆಯ ಹಾಗೆ ಸುತ್ತಲೂ ಕೂತು ಆರೂ ಮೂಲೆ ಹಿಡಿಯುತ್ತದೆ. ಜಾಮ್ ಆದ ನಟ್‌ಗೆ ರಿಂಗೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಫಿಕ್ಸ್ ದಂಡ ಅಲ್ಲ. ಡೀಸೆಲ್ ಖಾಲಿಯಾಗಿ ಏರ್ ಹಿಡಿದಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಬೇಕು ಅಲ್ವಾ? ನಟ್ ಮೇಲೆ ಪೈಪ್ ಇರುತ್ತದೆ, ರಿಂಗ್ ಇಳಿಯೋದೇ ಇಲ್ಲ. ಅಲ್ಲಿ ಫಿಕ್ಸೇ ಗತಿ. ಅದರ ಬಾಯಿ ಸ್ವಲ್ಪ ಓರೆ ಇರೋದನ್ನು ಗಮನಿಸಿ. ಕೈ ಆಡದ ಸಂದಿಯಲ್ಲಿ ಒಂದಿಷ್ಟು ತಿರುಗಿಸಿ, ಪಾನಾ ಮಗುಚಿ ಹಾಕಿದರೆ ಮತ್ತೆ ಹಿಡಿತ ಸಿಗುತ್ತದೆ. ಬ್ಲೇಡ್ ಬಿಚ್ಚುವಾಗ ನಾನು ಬೋಲ್ಟ್ ತಲೆಗೆ ಫಿಕ್ಸ್, ನಟ್‌ಗೆ ರಿಂಗ್ ಹಾಕುತ್ತೇನೆ.

ಬಾಕ್ಸ್ ಸೆಟ್ ತಂದದ್ದು ಕೊನೆಗೆ. ನಟ್ ಮೇಲೆ ಟೋಪಿಯಂತೆ ಕೂರುವ ಸಾಕೆಟ್‌ಗಳು, ಅವನ್ನು ಹ್ಯಾಂಡಲ್‌ಗೆ ಸಿಕ್ಕಿಸುವ ಚೌಕ ಅರ್ಧ ಇಂಚಿನದು. ವೇಗಕ್ಕೆ ಅದರ ಮುಂದೆ ಯಾವುದೂ ಇಲ್ಲ. ಆದರೆ ರ‍್ಯಾಚೆಟ್‌ಗೆ (ಒಂದೇ ದಿಕ್ಕಿಗೆ ಹಿಡಿದು ಕಟಕಟ ತಿರುಗುವ ಹ್ಯಾಂಡಲ್) ಪೈಪ್ ಸಿಕ್ಕಿಸಿ ಎಳೆದೆ, ಒಳಗಿನ ಹಲ್ಲು ಮುರೀತು. ತಪ್ಪು ನನ್ನದೇ. ಮೊದಲ ಪಟ್ಟು ಉದ್ದನೆ ಹ್ಯಾಂಡಲ್‌ನಲ್ಲಿ ಬಿಡಿಸಿ, ಆಮೇಲೆ ರ‍್ಯಾಚೆಟ್ ಹಾಕಬೇಕಿತ್ತು. ಸಾಕೆಟ್ ಒಳಗೆ 12 ಮೂಲೆ ಇರೋದಕ್ಕಿಂತ 6 ಮೂಲೆಯದು ಸವೆದ ನಟ್‌ಗೆ ಮೇಲು.

ಕೊಳ್ಳುವಾಗ ಸೈಜ್ ನೋಡಿ. ಫಿಕ್ಸ್, ರಿಂಗ್ ಎರಡರಲ್ಲೂ ಒಂದು ಪಾನಾದ ಎರಡು ತುದಿಗೆ ಎರಡು ಸೈಜ್, ಲೆಕ್ಕ ಮಿ.ಮೀ.ನಲ್ಲಿ. 8 ಪೀಸಿನ ಸೆಟ್ ಸಾಮಾನ್ಯವಾಗಿ 20-22ಕ್ಕೆ ಮುಗಿಯುತ್ತದೆ. ಟ್ರಾಕ್ಟರ್‌ಗೆ 24, 27 ಬೇಕಾಗುತ್ತದೆ, 12 ಪೀಸಿನದನ್ನೇ ತನ್ನಿ. ಹಳೆ ಮ್ಯಾಸಿ ಫರ್ಗ್ಯುಸನ್‌ನಂಥ ಟ್ರಾಕ್ಟರ್‌ನಲ್ಲಿ ಇಂಚಿನ ಬೋಲ್ಟ್ ಇರುತ್ತವೆ. ಮುಕ್ಕಾಲು ಇಂಚಿಗೆ 19 ಕೂರುತ್ತದೆ. 9/16 ಇಂಚು ಅಂದರೆ 14.3 ಮಿ.ಮೀ. 14 ಹೋಗಲ್ಲ, 15 ಜಾರುತ್ತದೆ. ಅದೊಂದನ್ನು ಬಿಡಿಯಾಗಿ ಇಂಚಿನದೇ ಕೊಂಡೆ.

ದುಡ್ಡು ಒಂದಕ್ಕೇ ಇದ್ದರೆ ರಿಂಗ್ ಸೆಟ್. ಅದರ ಜೊತೆ ಬಿಡಿಯಾಗಿ 16-17, 18-19ರ ಫಿಕ್ಸ್. ಬಾಕ್ಸ್ ಸೆಟ್ ಮುಂದಿನ ಸುಗ್ಗಿಗೆ ನೋಡೋಣ. 18-19ರ ರಿಂಗ್ ಮಾತ್ರ ಎರಡಿರಲಿ. ಒಂದು ಹೇಗೂ ಪಕ್ಕದ ಗದ್ದೆಯವರ ಹತ್ತಿರವೇ ಇರುತ್ತದೆ.